ಖಾಲಿ ಫ್ಲ್ಯಾಶ್

ದಾಂಡೇಲಿ
ಕಾರ್ತಿಕ ಸೋಮವಾರ, ೧೦ ನವೆಂಬರ್ ೨೦೨೫

ತೀರ್ಥಸ್ವರೂಪ ಶಿವಯೋಗಿ ಅಣ್ಣನಿಗೆ ತಂಗಿ ಮಧುಮತಿಯ ನಮಸ್ಕಾರಗಳು.

ನಿನ್ನ ಬೆನ್ನುನೋವು ಹೇಗಿದೆ? ಭಾರದ ಚೀಲ ಒಂದೇ ಹೆಗಲಿಗೆ ಹಾಕಬೇಡ ಅಂತ ಅಪ್ಪ ಇದ್ದಾಗಲೇ ಹೇಳುತ್ತಿದ್ದ, ನೀನು ಕೇಳಿದವನಲ್ಲ. ಅನ್ನಪೂರ್ಣಾ ವೈನಿಗೆ ಪಣಜಿಯ ಸೆಕೆ ಈಗಲಾದರೂ ಒಗ್ಗಿತೋ? ಹೋದ ವಾರ ರೋಹಿತ ಫೋನಿನಲ್ಲಿ ಬಸ್ಸಿನ ಹಾರ್ನು ಬಾಯಿಂದಲೇ ಮಾಡಿ ನನ್ನನ್ನು ಬೆಚ್ಚಿಬೀಳಿಸಿದ. ನಿನ್ನ ವಿದ್ಯೆ ಮಗನಿಗೆ ಬಂದಿದೆ. ನೀನು ಮಿಲ್ಲಿನ ಸೈರನ್ನು ಬಾಯಿಂದ ಊದಿ ಪಾಳಿಗೆ ಹೋಗುವ ಮಂದಿಯನ್ನು ಓಡಿಸುತ್ತಿದ್ದದ್ದು ಇಲ್ಲಿ ಇನ್ನೂ ಕೆಲವರಿಗೆ ನೆನಪಿದೆ. ನಾವೆಲ್ಲ ಇಲ್ಲಿ ಕ್ಷೇಮ ಅಂತ ಬರೆಯುವುದು ಪದ್ಧತಿ. ಬರೆದಿದ್ದೇನೆ ಅಂತ ತಿಳಿದುಕೊ.

ಫೋನಿರುವಾಗ ಇವಳು ಕಾಗದ ಯಾಕೆ ಬರೆದಳು ಅಂತ ನಿನಗೆ ಅನಿಸಬಹುದು. ಫೋನಿನಲ್ಲಿ ಮಾತು ಬಿಸಿಯಾದ ಕೂಡಲೇ ನಿನಗೆ ಅನಮೋಡ ಘಾಟಿನ ನೆನಪಾಗುತ್ತದೆ, ನೆಟ್‌ವರ್ಕ್ ಇಲ್ಲ ಅನ್ನುತ್ತೀ. ಮನೆಯಲ್ಲಿ ಕೂತವನಿಗೂ ಘಾಟು ಬರುತ್ತದೆ. ವಾಟ್ಸಾಪಿನಲ್ಲಿ ಬರೆದರೆ ಬೆರಳಿಂದ ಒತ್ತಿ ಅಳಿಸಿಬಿಡುತ್ತೀ. ಕಾಗದವನ್ನಾದರೆ ಕೈಯಿಂದ ಹರಿಯಬೇಕು. ಅಷ್ಟಾದರೂ ಕಷ್ಟಪಡು.

ವಿಷಯ ನಿನ್ನ ವೀಡಿಯೊದ್ದು. ದಾಂಡೇಲಿಯಲ್ಲಿ ಅದನ್ನು ನೋಡದವರಿಲ್ಲ. ಪಕ್ಕದ ಮನೆಯ ಗೋದುಬಾಯಿ ಅದನ್ನು ಮೂರು ಗುಂಪಿಗೆ ಕಳಿಸಿ ಆಮೇಲೆ ನಮ್ಮ ಮನೆಗೆ ತಂದಳು. ಅಪ್ಪನ ಹಳೆಯ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಗಡ್ಡ ಬಿಟ್ಟುಕೊಂಡು, ಸಮುದ್ರದ ದಂಡೆಯಲ್ಲಿ ಪ್ರವಾಸಿಗರ ಮುಂದೆ ನಿಂತಿದ್ದೀ. ಫಿಲ್ಮಿನಲ್ಲಿ ಫೋಟೊಗ್ರಫಿ ಕಲಿಸುವ ನಿನ್ನ ತರಗತಿ. 'ಡಿಜಿಟಲ್‌ನಲ್ಲಿ ಬೆರಳು ಕೆಲಸ ಮಾಡುತ್ತೆ, ಫಿಲ್ಮ್‌ನಲ್ಲಿ ಹೃದಯ' ಅಂತ ಹೇಳುತ್ತೀ. ಯಾವ ಊರಿನ ಕನ್ನಡವೋ ಅದು, ಇರಲಿ. ಆಮೇಲೆ ದನಿ ಸಣ್ಣದು ಮಾಡಿ, 'ನಮ್ಮ ತಂದೆ ಎಷ್ಟೇ ಬಡತನವಿದ್ದರೂ ಪ್ರತಿ ರೋಲಿನ ಕೊನೆಯ ಫೋಟೊ ನಮ್ಮ ತಾಯಿಗೆ ಮೀಸಲಿಡುತ್ತಿದ್ದರು' ಅನ್ನುತ್ತೀ. ಹಿಂದೆ ಪಿಟೀಲು ಬೇರೆ ಹಾಕಿಸಿದ್ದೀ. ಗೋದುಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ಮೈಯೆಲ್ಲ ಉರಿಯಿತು.

ಅಣ್ಣಾ, ನಿನಗೂ ಗೊತ್ತು, ನನಗೂ ಗೊತ್ತು. ಖಾಲಿ ಫ್ಲ್ಯಾಶ್ ಅಂದರೇನು ಅಂತ ನಿನ್ನ ಶಿಷ್ಯರಿಗೆ ಯಾವತ್ತಾದರೂ ಹೇಳಿದ್ದೀಯಾ? ಮದುವೆಯಲ್ಲಿ ದೂರದ ಬೀಗರು, ಅಡ್ಡಡ್ಡ ಬರುವ ಹುಡುಗರು 'ನಮ್ದೊಂದು ಹೊಡೀರಿ' ಅಂತ ಗಂಟುಬಿದ್ದರೆ ಅಪ್ಪ ಇಲ್ಲ ಅನ್ನುತ್ತಿರಲಿಲ್ಲ. ಕ್ಯಾಮೆರಾ ಕಣ್ಣಿಗೆ ಹಿಡಿದು, ಫೋಟೊ ತೆಗೆಯದೆ, ಫ್ಲ್ಯಾಶಿನ ಹಿಂದಿನ ಗುಂಡಿ ಮಾತ್ರ ಒತ್ತುತ್ತಿದ್ದ. ಫಳ್ಳನೆ ಬೆಳಕು ಬೀಳುತ್ತಿತ್ತು. ಅವರು ಖುಷಿಯಿಂದ ಊಟಕ್ಕೆ ಹೋಗುತ್ತಿದ್ದರು. ನಿನಗೆ ಕೆಲಸ ಕಲಿಸುವಾಗ ಅವನು ಹೇಳಿದ ಮೊದಲ ಪಾಠವೇ ಅದು. 'ಮಂದಿ ಮನಸ ಮುರೀಬಾರದು, ನಮ್ಮ ರೋಲೂ ಮುಗೀಬಾರದು.' ನಾನು ಬಾಗಿಲ ಹಿಂದೆ ನಿಂತು ಕೇಳಿದ್ದೆ. ನನಗೆ ಒಳಗೆ ಬರಲು ಅಪ್ಪಣೆ ಎಲ್ಲಿತ್ತು? 'ಕತ್ತಲ ಖೋಲ್ಯಾಗ ಹೆಣ್ಣಹುಡುಗಿಗೇನು ಕೆಲಸ' ಅಂತ ಅಪ್ಪ ನನಗೆ ತಟ್ಟೆ ತೊಳೆಯಲು ಹಚ್ಚಿದ್ದ. ಫಿಲ್ಮು ತೊಳೆಯುವ ಆ ಔಷಧದ ನೀರಿಗೆ ನನ್ನ ಉಗುರುಗಳು ಹಳದಿಯಾಗಿದ್ದವು. ಫಿಲ್ಮಿನಿಂದ ನಾನು ಕಲಿತ ಪ್ರೀತಿ ಅಷ್ಟೇ.

ರೋಲು ಮುಗಿದ ಮೇಲೆ ಅವ್ವನ ಸರದಿ. ಹಬ್ಬದ ದಿನ, ಉಳವಿಯ ಜಾತ್ರೆಗೆ ಹೋಗಿಬಂದ ದಿನ ಅವಳು ಕೈ ಒರೆಸಿಕೊಂಡು, ಕುಂಕುಮ ಸರಿಮಾಡಿಕೊಂಡು, ಅಪ್ಪನ ಸ್ಟುಡಿಯೊದ ಪರದೆಯ ಮುಂದೆ ಬಂದು ನಿಲ್ಲುತ್ತಿದ್ದಳು. ಅಪ್ಪ ಬೆಳಕು ಹೊಡೆಯುತ್ತಿದ್ದ. 'ಹಾಂ, ಚಲೋ ಬಂತು' ಅನ್ನುತ್ತಿದ್ದ. ಅವಳು ಒಲೆಯ ಹತ್ತಿರ ಹೋಗುತ್ತಿದ್ದಳು. ಊರಿಗೆಲ್ಲ ಫೋಟೊ ತೆಗೆದ ಉಳವಪ್ಪ ಹೆಂಡತಿಯದೊಂದು ತೆಗೆಯಲಿಲ್ಲ. ಅವ್ವನದು ಉಳಿದಿರುವುದು ಸರ್ಕಾರ ತೆಗೆದದ್ದು ಮಾತ್ರ, ಮತದಾರರ ಚೀಟಿಗೆ ಒಂದು, ಆಧಾರಕ್ಕೆ ಒಂದು. ಎರಡರಲ್ಲೂ ಮುದುಕಿ.

ನಿನ್ನ ವೀಡಿಯೊವನ್ನು ಅವ್ವ ನೋಡಲಿಲ್ಲ, ಕೇಳಿದಳು. ಕಣ್ಣಿಗೆ ಪೊರೆ ಬಂದು ಅವಳಿಗೆ ಎದುರಿನವರ ಮುಖ ಹಿಟ್ಟು ಬಳಿದಂತೆ ಕಾಣುತ್ತದೆ. ಬರುವ ಸೋಮವಾರ ಹಳಿಯಾಳದಲ್ಲಿ ಆಪರೇಶನ್ ಇದೆ. ಗೋದುಬಾಯಿ ಹೋದ ಮೇಲೆ ಅವ್ವ ನನ್ನ ಕೈ ಹಿಡಿದು ಹೇಳಿದಳು: 'ಮಧೂ, ಆ ಫೋಟೊ ಹುಡುಕಿ ಇಡವಾ. ಪಟ್ಟಿ ಬಿಚ್ಚಿದ ಮ್ಯಾಲ ಮೊದಲ ಅದನ್ನ ನೋಡ್ತೇನಿ. ಹರೇದಾಗ ಹೆಂಗಿದ್ನಿ ಅಂತ ನನಗ ನೆನಪ ಉಳದಿಲ್ಲ.'

ಹುಡುಕಿದೆ ಅಣ್ಣಾ. ಇಲ್ಲ ಅಂತ ಗೊತ್ತಿದ್ದೂ ಹುಡುಕಿದೆ. ನನ್ನ ಅಂಗಡಿಗೆ ಬಂದವರ ಝೆರಾಕ್ಸ್, ಪಾಸ್‌ಪೋರ್ಟ್ ಫೋಟೊ ಎಲ್ಲ ಬದಿಗಿಟ್ಟು ಅಪ್ಪನ ಟ್ರಂಕು ಬಿಚ್ಚಿ ನೆಗೆಟಿವ್‌ಗಳನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಊರಿಗೆ ಊರೇ ಇದೆ ಅದರಲ್ಲಿ. ಕೂದಲೆಲ್ಲ ಬಿಳಿ, ಹಲ್ಲೆಲ್ಲ ಕಪ್ಪು. ನೀನು ಕಲಿಯಲು ಹಾಳುಮಾಡಿದ ಮೊದಲ ರೋಲೂ ಸಿಕ್ಕಿತು. ಮಿಲ್ಲಿನ ಚಿಮಣಿ, ಬೀದಿನಾಯಿ, ನಿನ್ನ ಗೆಳೆಯ ಮಹಾಬಳೇಶ್ವರನ ಹೊಸ ಸೈಕಲ್ಲು, ಮತ್ತೆ ಅದೇ ಸೈಕಲ್ಲು. ಕೊನೆಗೆ ಜೋಯಿಡಾದ ಯಾರೋ ಗಂಡಹೆಂಡಿರ ಫೋಟೊದ ಅಂಚಿನಲ್ಲಿ ಅವ್ವ ಸಿಕ್ಕಳು. ಮುಖವಲ್ಲ. ಜೋತುಬಿದ್ದ ಪರದೆಯ ತುದಿ ಹಿಡಿದುಕೊಂಡಿರುವ ಒಂದು ಕೈ, ಅವಳ ಗಾಜಿನ ಬಳೆ. ಪ್ರಿಂಟ್ ಹಾಕುವಾಗ ಅದನ್ನೂ ಅಪ್ಪ ಕತ್ತರಿಸಿ ಹಾಕಿರುತ್ತಾನೆ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಆವತ್ತೇ ನಿನಗೆ ಫೋನು ಮಾಡಿದ್ದು. ನೀನು ನಕ್ಕೆ. 'ಅದಕ್ಕ್ಯಾಕ ಅಳ್ತೀ ಹುಚ್ಚಿ, ಆಧಾರದ ಫೋಟೊ ಕಳಸು. ಕಂಪ್ಯೂಟರಿನ್ಯಾಗ ಇಪ್ಪತ್ತೈದರ ಅವ್ವನ್ನ ಮಾಡಿ ಕೊಡ್ತೇನಿ. ಹಳೇ ಫಿಲ್ಮಿನ್ಯಾಗಿನ ಕಾಳಕಾಳ ಚುಕ್ಕಿನೂ ಬರೂಹಂಗ ಮಾಡ್ತೇನಿ. ಅಕಿಗೇನು ಗೊತ್ತಾಗ್ತೈತಿ?' ಅಂದೆ. ಹೃದಯದಿಂದ ಫೋಟೊ ತೆಗೆಯುವವನ ಮಾತು ಇದು!

ನೀನು ಡಿಜಿಟಲ್ ಕ್ಯಾಮೆರಾ ಹೊಸದಾಗಿ ತಂದ ದೀಪಾವಳಿ ನೆನಪಿದೆಯಾ? ಆಗ ಅವ್ವನಿಗೆ ಇನ್ನೂ ಮುಂದಲೆ ನರೆತಿರಲಿಲ್ಲ. ಇನ್ನು ರೋಲಿನ ಚಿಂತೆಯಿಲ್ಲ ಅಂತ ರೊಟ್ಟಿ ಬಡಿಯುವಾಗ, ತಲೆ ಬಾಚುವಾಗ ಅವಳ ಫೋಟೊ ಹೊಡೆದದ್ದೇ ಹೊಡೆದದ್ದು. ಹಿಂದಿನ ಗಾಜಿನಲ್ಲಿ ತೋರಿಸಿದರೆ 'ಅಯ್ಯ, ನಾನ ಏನಿದು?' ಅಂತ ಬಾಯಿಗೆ ಸೆರಗು ಹಿಡಿದು ನಕ್ಕಳು. ಪ್ರಿಂಟ್ ಹಾಕಿಸಿ ತರುತ್ತೇನೆ ಅಂತ ನೀನು ಅಂದಿದ್ದೆ. ಮರುವಾರ ಸನವಳ್ಳಿಯ ಮದುವೆಯಲ್ಲಿ ಕಾರ್ಡು ತುಂಬಿತು ಅಂತ ಮಂಟಪದಲ್ಲೇ ನಿಂತು ಅವ್ವನನ್ನು ಅಳಿಸಿದೆ. ಅಪ್ಪ ತೆಗೆಯದೆ ಮೋಸ ಮಾಡಿದ, ನೀನು ತೆಗೆದು ಮೋಸ ಮಾಡಿದೆ. ಫಿಲ್ಮು ದೊಡ್ಡದೋ ಡಿಜಿಟಲ್ ದೊಡ್ಡದೋ ಅಂತ ಪ್ರವಾಸಿಗರಿಗೆ ಪಾಠ ಹೇಳುತ್ತೀಯಲ್ಲ, ನಮ್ಮ ಮನೆಯಲ್ಲಿ ಎರಡರ ಯೋಗ್ಯತೆಯೂ ಒಂದೇ.

ಸುಳ್ಳು ಫೋಟೊ ಕಳಿಸಬೇಡ. ಕಳಿಸಿದರೆ ನಾನು ಹರಿದು ಒಲೆಗೆ ಹಾಕುತ್ತೇನೆ. ಆಪರೇಶನ್ನಿಗೆ ಮೊದಲು ನೀನೇ ಬಂದು, ಅವ್ವನ ಎದುರು ಕೂತು, ಅಂಥ ಫೋಟೊ ಇಲ್ಲ ಅಂತ ನಿನ್ನ ಬಾಯಿಂದ ಹೇಳು. ಅವಳು ಪಟ್ಟಿ ಬಿಚ್ಚಿಸಿಕೊಂಡು ಕೈಚಾಚುವ ಹೊತ್ತಿಗೆ ನಾನೊಬ್ಬಳೇ ಎದುರಿಗೆ ನಿಲ್ಲಲಾರೆ. ಇಷ್ಟು ವರ್ಷ ಎಲ್ಲದಕ್ಕೂ ನಾನೇ ನಿಂತಿದ್ದೇನೆ, ಇದಕ್ಕೆ ಮಾತ್ರ ಆಗುವುದಿಲ್ಲ.

ವೈನಿಗೆ ನಮಸ್ಕಾರ ಹೇಳು. ರೋಹಿತನಿಗೆ ಅತ್ತೆಯ ಮುತ್ತು. ಚನ್ನಬಸವಣ್ಣ ನಿಮ್ಮನ್ನು ತಣ್ಣಗೆ ಇಟ್ಟಿರಲಿ. ಬೆನ್ನಿಗೆ ಎಣ್ಣೆ ಹಚ್ಚಿಕೊ.

ಸಿಟ್ಟು ಇಳಿಯದ ನಿನ್ನ ತಂಗಿ,
ಮಧುಮತಿ

ತಾ.ಕ.: ಕಾಗದ ಮಡಿಸುವಾಗ ಅವ್ವ ಯಾರಿಗೆ ಅಂತ ಕೇಳಿದಳು. ನಿನಗೆ ಅಂದೆ. ಆಗ ಹೇಳಿದಳು: 'ನಿಮ್ಮಪ್ಪಂದು ನನಗ ಗೊತ್ತಿತ್ತು ಬಿಡವಾ. ಮಂದೀದು ಹೊಡದರ ಹೆಬ್ಬೆರಳಲೆ ಕರ್ರ್ ಅಂತ ರೋಲ್ ತಿರುವತಿದ್ದ. ನನ್ನ ಪಾಳಿಗೆ ಬರೇ ಬೆಳಕ, ಸಪ್ಪಳಿಲ್ಲ. ಆದರ ಶಿವ್ಯಾ ಕಲಿಯೂ ಮುಂದ ಒಮ್ಮೆ ನನ್ನ ನಿಂದರಿಸಿ ಹೊಡದಿದ್ದ. ಅವತ್ತ ಕರ್ರ್ ಅಂದಿತ್ತು, ನಾನ ಕೇಳೇನಿ. ಅದೊಂದಾದ್ರೂ ಇರತೈತಿ, ಹುಡುಕು.' ಅಣ್ಣಾ, ಆವತ್ತು ನಾನು ಬಾಗಿಲ ಹಿಂದೆಯೇ ಇದ್ದೆ. ಆ ಸಪ್ಪಳ ನೀನು ಬಾಯಿಂದ ಮಾಡಿದ್ದು. ಇದನ್ನು ಅವಳಿಗೆ ನಾನು ಹೇಳಿಲ್ಲ, ನೀನೂ ಹೇಳಬೇಡ. ಮೇಲೆ ಹೇಳು ಅಂದದ್ದನ್ನು ಬಿಡು, ಅಪ್ಪನ ಕ್ಯಾಮೆರಾ ತಗೊಂಡು ಬಾ. ಒಳಗೆ ರೋಲು ಹಾಕಿಕೊಂಡು ಬಾ. ಅವಳಿಗೆ ಮಂದವಾದದ್ದು ಕಣ್ಣು, ಕಿವಿಯಲ್ಲ.