ಏಳನೇದು ತಿರುಗಿಸು

ಮಾರ್ಚ್ ೭, ಶನಿವಾರ

ನನ್ನ ಗುಬ್ಬಿ ಮರಿಗೆ,

ಹೇಗಿದ್ದೀಯೇ? ನೀನು ಸ್ವೆಟರ್ ಜೊತೆ ಕಳಿಸಿದ್ದ ಚೀಟಿಗೆ ಉತ್ತರ ಬರೆಯೋಕೆ ಒಂದೂವರೆ ತಿಂಗಳು ಮಾಡಿದೆ, ಬೈಕೋಬೇಡ. ನಿಮ್ಮಪ್ಪ ಆ ಸ್ವೆಟರನ್ನ ಮೈಮೇಲಿಂದ ತೆಗೆಯೋದೇ ಇಲ್ಲ. ಒಗೆಯೋಕಾದ್ರೂ ಕೊಡಿ ಮಾರಾಯ್ರೇ ಅಂದ್ರೆ "ಮಗಳು ಕೊಟ್ಟಿದ್ದು" ಅಂತ ರಾಗ ಎಳೀತಾರೆ. ಮಂಡಿ ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ.

ಫೋನ್ ಮಾಡದೆ ಕಾಗದ ಯಾಕೆ ಅಂತೀಯಾ? ಫೋನ್ ಮಾಡಿದ್ರೆ ನೀನು "ಮೀಟಿಂಗಲ್ಲಿದ್ದೀನಮ್ಮಾ" ಅಂತೀಯ, ನಾನು "ಊಟ ಆಯ್ತಾ" ಅಂತೀನಿ, ಅಲ್ಲಿಗೆ ಮುಗೀತು. ಇದು ಅಷ್ಟರಲ್ಲಿ ಮುಗಿಯೋ ಮಾತಲ್ಲ. ಕೂತ್ಕೊಂಡು ಓದು.

ನಮ್ಮ ಲೈನು ಮುಚ್ಚುತ್ತೆ. ಎಳೆ ಮಕ್ಕಳ ಉಸಿರು ನಿಂತರೆ ಕೂಗಿಕೊಳ್ಳೋ ಅಲಾರಂ ಇದೆಯಲ್ಲ, ಅದನ್ನ ಇನ್ಮೇಲೆ ಬೇರೆ ಫ್ಯಾಕ್ಟರಿಯವರು ಮಾಡ್ತಾರಂತೆ. ಡಬ್ಬಿ ಮೇಲೆ ಹೆಸರಿರೋ ಕಂಪನಿಯವರಿಗೆ ಅಲ್ಲಿ ಅಗ್ಗವಂತೆ. ಅವರಿಗೇನು, ಡ್ರಾಯಿಂಗ್ ನಿಮ್ಮ ಆಫೀಸಿಂದ ತಗೋತಾರೆ, ದುಡಿಮೆ ನಮ್ಮಂಥೋರ ಹತ್ರ ತಗೋತಾರೆ, ಹೆಸರು ಮಾತ್ರ ಅವರದ್ದು. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಹೊಸಬರು ಬಂದು ಅಚ್ಚು, ಡ್ರಾಯಿಂಗ್, ಫೈಲು ಎಲ್ಲಾ ಹೊತ್ಕೊಂಡು ಹೋಗ್ತಾರೆ. ನಮ್ಮನ್ನ ಚಾರ್ಜರ್ ಲೈನಿಗೆ ಹಾಕ್ತಾರೋ ಮನೆಗೆ ಕಳಿಸ್ತಾರೋ, ಆ ದೇವರಿಗೇ ಗೊತ್ತು.

ಆದ್ರೆ ಗುಬ್ಬಿ, ಆ ಫೈಲಲ್ಲಿ ಇಲ್ಲದ್ದು ಒಂದಿದೆ.

ನಮ್ಮ ಫ್ಲೋರನ್ನ ನೀನೇ ನೋಡಿದ್ದೀಯ, ಹೋದ ವರ್ಷ ನಿಮ್ಮ ಆಫೀಸಿನವರ ಜೊತೆ ಬಂದಿದ್ದೆ. ಉದ್ದ ಮೇಜು, ಒಬ್ಬೊಬ್ಬರ ಮುಂದೆ ಬೋರ್ಡಿಗೆ ಕೂರಿಸೋ ಬಿಡಿಭಾಗಗಳ ಒಂದೊಂದು ಟ್ರೇ. ನನ್ನ ಟ್ರೇಯಲ್ಲಿ ಏಳನೇದು ಒಂದು ಹಳದಿ ಕೆಪಾಸಿಟರ್, ಕಡಲೆಕಾಳಿನಷ್ಟಿದೆ. ಅದರ ಒಂದು ಪಕ್ಕಕ್ಕೆ ಗೆರೆ. ಆ ಗೆರೆ ಬಲಕ್ಕೆ ಬರಬೇಕು ಅಂತ ಡ್ರಾಯಿಂಗ್ ಹೇಳುತ್ತೆ. ಡ್ರಾಯಿಂಗ್ ತಪ್ಪು. ಅದು ಎಡಕ್ಕೆ ಬರಬೇಕು.

ಎರಡು ವರ್ಷದ ಹಿಂದೆ, ಮೊದಲನೇ ತಿಂಗಳಲ್ಲೇ ಇದು ಗೊತ್ತಾಯ್ತು. ಮಾಡಿದ ದಿನ ಎಲ್ಲಾ ಪರೀಕ್ಷೆ ಪಾಸಾಗುತ್ತೆ. ಇಪ್ಪತ್ತು ದಿನ ಬಿಡದೆ ಓಡಿಸಿ ನೋಡಿದಾಗ ಮೂರು ಬೋರ್ಡು ಕೆಟ್ಟಿದ್ವು. ಹಸಿರು ದೀಪ ಉರೀತಾನೇ ಇತ್ತು, ಅಲಾರಂ ಮಾತ್ರ ಕೂಗಲಿಲ್ಲ. ಭೂತಗನ್ನಡಿ ಹಿಡ್ಕೊಂಡು ಎರಡು ದಿನ ಒದ್ದಾಡಿ ಏಳನೇದನ್ನ ಹಿಡಿದೆ.

ಮೇಲ್ವಿಚಾರಕರ ಹತ್ರ ಓಡಿದೆ. ಅವರು ತಲೆ ಕೆರ್ಕೊಂಡು, "ಡ್ರಾಯಿಂಗ್ ತಿದ್ದಿಸಬೇಕಂದ್ರೆ ಕಂಪನಿಗೆ ಬರೀಬೇಕು, ಅವರು ಡಿಸೈನ್ ಆಫೀಸಿಗೆ ಬರೀಬೇಕು, ಅಲ್ಲೀವರೆಗೂ ಲೈನ್ ನಿಲ್ಲುತ್ತೆ. ಸುಮ್ನೆ ತಿರುಗಿಸಿ ಹಾಕಮ್ಮ" ಅಂದ್ರು. ನಾನೂ ಹೂಂ ಅಂದೆ. ಅವತ್ತಿಂದ ಹೊಸಬರು ಯಾರೇ ಬಂದ್ರೂ ನಾವು ಮೊದಲು ಹೇಳಿಕೊಡೋದು ಕೈ ತೊಳೆಯೋ ಜಾಗ, ಎರಡನೇದು "ಏಳನೇದು ತಿರುಗಿಸು". ಎಲ್ಲೂ ಬರೆದಿಲ್ಲ, ಬಾಯಿಂದ ಬಾಯಿಗೆ ಅಷ್ಟೇ. ಹೊಸ ಫ್ಯಾಕ್ಟರಿಯವರಿಗೆ ಯಾರು ಹೇಳ್ತಾರೆ? ಡ್ರಾಯಿಂಗಲ್ಲಿ ಇದ್ದ ಹಾಗೇ ಹಾಕ್ತಾರೆ.

ನಾನು ಹೂಂ ಅಂದಿದ್ದಕ್ಕೆ ಕಾರಣ ನಿನಗೆ ಈಗಾಗಲೇ ಹೊಳೆದಿರುತ್ತೆ. ಆ ಡ್ರಾಯಿಂಗಿನ ಮೂಲೆಯಲ್ಲಿ ನಿನ್ನ ಸಹಿ ಇದೆ. ನಿನ್ನ ಮೊದಲನೇ ಡ್ರಾಯಿಂಗು ಅದು. "ಅಮ್ಮಾ, ನಾನು ಬರೆದಿದ್ದನ್ನ ನೀನು ಮಾಡ್ತೀಯ" ಅಂತ ಕುಣಿದಾಡಿದ್ದೆ. ನಾನು ಬಾಯಿ ಬಿಟ್ರೆ ನಿನ್ನ ಕೆಲಸಕ್ಕೇ ಕುತ್ತು ಬರುತ್ತೆ ಅನ್ನಿಸ್ತು. ನಿನಗೇ ಯಾಕೆ ಹೇಳಲಿಲ್ಲ ಅಂತ ಕೇಳ್ತೀಯ. ಮೊದಮೊದಲು ಮನಸ್ಸು ಬರಲಿಲ್ಲ. ಆಮೇಲಿನ ಕಾರಣ ಬೇರೆ, ಧೈರ್ಯ ಬಂದ್ರೆ ಕೊನೆಗೆ ಬರೀತೀನಿ.

ನನ್ನ ಪಕ್ಕ ಕೂರೋ ಕನ್ನಡಕದಕ್ಕ ಹೇಳ್ತಾಳೆ, "ಬಾಯಿಗೆ ಬೀಗ ಹಾಕ್ಕೊಂಡು ಕೂತಿರೇ. ಮೂರೇ ತಿಂಗಳು. ಅವರು ಮಾಡಿದ್ದೆಲ್ಲಾ ಕೆಟ್ಟುಹೋಗುತ್ತೆ, ಕೆಲಸ ನಮ್ಮ ಕಾಲಡಿಗೇ ವಾಪಸ್ ಬರುತ್ತೆ." ಅವಳ ಹೊಟ್ಟೆಪಾಡು ಅವಳಿಗೆ, ಬೈಯೋಕೆ ಬಾಯಿ ಬರಲ್ಲ. ಆದ್ರೂ ಕೇಳಿದೆ, "ಅಕ್ಕಾ, ಅದು ಕೆಟ್ಟಿದೆ ಅಂತ ಮೊದಲು ಯಾರಿಗೆ ಗೊತ್ತಾಗುತ್ತೆ?" ಅವಳು ಕನ್ನಡಕ ತೆಗೆದು ಒರೆಸಿಕೊಂಡಳು.

ನಿಮ್ಮಪ್ಪನ ಕಥೆ ಇನ್ನೊಂದು. "ಹೆತ್ತ ಮಗಳ ಅನ್ನಕ್ಕೆ ಕಲ್ಲು ಹಾಕ್ತೀಯಾ?" ಅಂತ ಮುಖ ತಿರುಗಿಸಿ ಎರಡು ದಿನ ಮಾತು ಬಿಟ್ರು. ಮೂರನೇ ದಿನ ಅವರೇ ಬಂದು, "ಆ ಕಾಗದ ಓದು, ಕೇಳೋಣ" ಅಂದ್ರು.

ಹೌದು, ಕಾಗದ ಬರೆದಾಗಿದೆ. ಒಂದೇ ಹಾಳೆ. ಏಳನೇದರ ಫೋಟೋ ಅಂಟಿಸಿ, ಗೆರೆ ಯಾವ ಕಡೆ ಬರಬೇಕು, ಬರದಿದ್ರೆ ಏನಾಗುತ್ತೆ, ನಾವು ಎರಡು ವರ್ಷ ಏನು ಮಾಡಿದ್ವಿ, ಎಲ್ಲಾ ಬರೆದಿದ್ದೀನಿ. ಶುಕ್ರವಾರ ಒಂಬತ್ತಕ್ಕೆ ಹೊಸಬರ ಕೈಗೇ ಕೊಡ್ತೀನಿ, ಒಂದು ಪ್ರತಿ ಕಂಪನಿಯವರಿಗೆ. ಮೇಲ್ವಿಚಾರಕರು ಕೆಂಡಾಮಂಡಲ ಆಗ್ತಾರೆ, ಆಗಲಿ. ಬೇಕಾದ್ರೆ ನನ್ನನ್ನೇ ಮೊದಲು ಮನೆಗೆ ಕಳಿಸಲಿ.

ಈ ಕಾಗದ ಸೋಮವಾರ ನಿನ್ನ ಕೈ ಸೇರುತ್ತೆ. ನಿನಗೆ ನಾಲ್ಕು ದಿನ ಇದೆ. ಅಷ್ಟರಲ್ಲಿ ನೀನೇ ನಿಮ್ಮ ಆಫೀಸಲ್ಲಿ ಎದ್ದು ನಿಂತು "ತಪ್ಪು ನನ್ನದು, ತಿದ್ದಿದ್ದೀನಿ" ಅನ್ನು. ಬೈತಾರೆ, ಬೈಸ್ಕೋ. ಬೈಸಿಕೊಂಡು ಯಾರೂ ಸವೆದುಹೋಗಲ್ಲ. ನೀನು ಹೇಳಿದ್ರೂ ನಾನು ಕೊಡ್ತೀನಿ, ಹೇಳದಿದ್ರೂ ಕೊಡ್ತೀನಿ. ಇದರಲ್ಲಿ ಎರಡು ಮಾತಿಲ್ಲ. ನನ್ನ ಹಠ ನಿನಗೆ ಗೊತ್ತಲ್ಲ, ಅದೇ ಹಠ ನಿನ್ನಲ್ಲೂ ಇದೆ, ಒಳ್ಳೇದಕ್ಕೆ ಬಳಸ್ಕೋ.

ಹೊತ್ತಿಗೆ ಸರಿಯಾಗಿ ತಿನ್ನು. ಕಣ್ಣು ಜೋಪಾನ. ನಿನ್ನ ಕೈಯಿಂದ ಇನ್ನೂ ನೂರು ಡ್ರಾಯಿಂಗು ಬರಲಿ, ಒಂದಕ್ಕಿಂತ ಒಂದು ಚೆನ್ನಾಗಿ ಬರಲಿ.

ಸದಾ ನಿನ್ನ ಒಳ್ಳೇದನ್ನೇ ಬಯಸೋ,
ಅಮ್ಮ

ಮರೆತಿದ್ದು: ಮರೆತಿರಲಿಲ್ಲ, ಬರೆಯೋಕೆ ಕೈ ಬಂದಿರಲಿಲ್ಲ. ಹೋದ ವರ್ಷ ನೀನು ಬರ್ತೀಯ ಅಂತ ಗೊತ್ತಾದಾಗ, ಅವತ್ತೇ ನಿನ್ನ ಕಿವಿಯಲ್ಲಿ ಏಳನೇದರ ವಿಷಯ ಹೇಳಿಬಿಡೋಣ ಅಂತಿದ್ದೆ. ನೀನು ನನ್ನ ಮೇಜಿನ ಮುಂದೇ ನಿಂತೆ. ನಾನು ಟೋಪಿ, ಮಾಸ್ಕು ಹಾಕಿದ್ದೆ, ನಿನಗೆ ಗುರುತು ಸಿಗಲಿಲ್ಲ ಅಂತ ನಿಮ್ಮಪ್ಪನಿಗೆ ಹೇಳಿದ್ದೀನಿ. ಆದ್ರೆ ನೀನು ನನ್ನ ಹೆಬ್ಬೆರಳಿನ ಸುಟ್ಟ ಕಲೆ ನೋಡಿದೆ. ಚಿಕ್ಕವಳಿದ್ದಾಗ ದಿನಾ ಅದಕ್ಕೆ ಉಫ್ ಉಫ್ ಅಂತ ಊದ್ತಿದ್ದವಳು ನೀನು. ಜೊತೆಯಲ್ಲಿದ್ದವರು "ಇಲ್ಲಿ ನಿಮಗೆ ಯಾರಾದ್ರೂ ಗೊತ್ತಾ?" ಅಂತ ಕೇಳಿದ್ರು. ನೀನು "ಇಲ್ಲ" ಅಂದೆ. ನನ್ನ ಕೈಯಲ್ಲಿ ಆಗ ಏಳನೇದೇ ಇತ್ತು. ತಿರುಗಿಸಿ ಹಾಕಿದೆ.

ಶುಕ್ರವಾರದ ಕಾಗದದ ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೀನಿ. ಇವಳು ಯಾರು ಅಂತ ನಿಮ್ಮ ಆಫೀಸಲ್ಲಿ ಕೇಳ್ತಾರೆ. ಈ ಸಲ ಗೊತ್ತು ಅನ್ನು.