ಕೋಶಕೇಂದ್ರದ ಹೊರಗೆ ನಿಂತಿದ್ದ ಪ್ರೋಟೀನು

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ಉತ್ತರ ತಡವಾಯಿತು, ಬೈದುಕೊಂಡಿರುತ್ತೀಯ. ಬೈದುಕೋ. ಒಂದು ತಿಂಗಳಿಂದ ಈ ಮನೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ನನ್ನ ಮಗಳು, ನಿನ್ನ ಸೋದರಸೊಸೆ ಚೂಟಿ, ಗೆದ್ದಳು ಕಣೋ.

ನಿನ್ನ ಪ್ರಯೋಗಾಲಯ ಬಿಟ್ಟ ಮೇಲೂ ಅವಳು ಅದೇ ಪ್ರಶ್ನೆ ಹಿಡಿದು ಕೂತಿದ್ದಳು. ಭ್ರೂಣದ ಕಾಂಡಕೋಶ ಯಾವ ಅಂಗದ ಕೋಶವಾದರೂ ಆಗಬಲ್ಲದು. ಅದನ್ನು ಹಾಗೇ ಉಳಿಸುವ ಪ್ರೋಟೀನೊಂದು ಕೋಶಕೇಂದ್ರದೊಳಗೆ ಕೂತು, ಯಾವ ಜೀನು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಯಜಮಾನಿಕೆ ನಡೆಸುತ್ತದೆ. ಕೋಶ ಬೇರೆ ರೂಪಕ್ಕೆ ಹೊರಟಾಗ ಯಜಮಾನಿಕೆ ನಿಲ್ಲುತ್ತದೆ, ಪ್ರೋಟೀನಿನ ಪ್ರಮಾಣ ಮಾತ್ರ ಮೊದಲಿನಷ್ಟೇ ಇರುತ್ತದೆ. ನೀವೆಲ್ಲ ಇಡೀ ಕೋಶವನ್ನು ಅರೆದು ಒಟ್ಟಿಗೆ ಅಳೆದಿರಿ. "ಪ್ರಮಾಣವೇ ಬದಲಾಗಿಲ್ಲ, ಗಾಳಿಗೆ ಗುದ್ದಬೇಡ" ಅಂದೆಯಂತೆ. ಹೊಸ ಪ್ರಯೋಗಾಲಯದ ಮುಖ್ಯಸ್ಥೆಯೂ ಈ ತಿಂಗಳ ಕೊನೆಗೆ ಗಡುವು ಹಾಕಿದ್ದರು. ಆಮೇಲೆ ಇವಳ ಕೆಲಸ ಬಂದ್.

ಇವಳು ಕೋಶಕೇಂದ್ರವನ್ನು ಬೇರೆ ಮಾಡಿ ಅಳೆದಳು. ಮನೆಮಂದಿ ಎಷ್ಟೆಂದು ಎಣಿಸಿದರೆ ಸಾಕೇ, ಒಳಗೆ ಯಾರು, ಹೊಸಿಲಾಚೆ ಯಾರು ಎಂದು ನೋಡಬೇಡವೇ? ಫಾಸ್ಫೇಟಿನ ಚೂರೊಂದು ಅಂಟಿದೊಡನೆ ಪ್ರೋಟೀನು ಆಚೆ ಹೋಗಿಬಿಡುತ್ತಿತ್ತು. ಆ ಚೂರು ಅಂಟದ ಹಾಗೆ, ಪ್ರೋಟೀನಿನಲ್ಲಿ ಅದು ಅಂಟುವ ಜಾಗವನ್ನೇ ಬದಲಿಸಿದಳು. ಪ್ರೋಟೀನು ಒಳಗೇ ಉಳಿಯಿತು, ಕೋಶವೂ ಕಾಂಡಕೋಶವಾಗಿಯೇ ಉಳಿಯಿತು. ಗ್ರಂಥಾಲಯದ ಪುಸ್ತಕ ಓದಿ ನಾನು ಅರ್ಥಮಾಡಿಕೊಂಡದ್ದು ಇಷ್ಟು. ತಪ್ಪಿದ್ದರೆ ತಿದ್ದು.

ಶುಕ್ರವಾರ ಅವಳು ಇದನ್ನು ಎಲ್ಲರ ಮುಂದಿಡುವ ಸಭೆ, ನಾನೂ ಹೋಗಿದ್ದೆ. ಮುಂದಿನ ಸಾಲಿನ ಹಿರಿಯರೊಬ್ಬರು, ಕೋಶಕೇಂದ್ರವನ್ನು ಬೇರೆ ಮಾಡುವಾಗಲೇ ಪ್ರೋಟೀನು ಸೋರಿ ಹೊರಬಂದಿರಬಹುದಲ್ಲ ಎಂದು ಕೊಕ್ಕೆ ಹಾಕಿದರು. ಚೂಟಿ ಪರದೆಯ ಮೇಲೆ ಜೀವಂತ ಕೋಶವನ್ನೇ ತೋರಿಸಿದಳು. "ಇದನ್ನ ಒಡೆದೇ ಇಲ್ಲ ಸರ್, ನೀವೇ ನೋಡಿ." ನಡುವೆ ಕೋಶಕೇಂದ್ರ ಕತ್ತಲು, ಸುತ್ತ ಇವಳು ಹೊಳೆಯುವಂತೆ ಮಾಡಿದ್ದ ಪ್ರೋಟೀನು. ಅವರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿ, ತಾವೇ ಮೊದಲು ಚಪ್ಪಾಳೆ ತಟ್ಟಿದರು. ಮುಖ್ಯಸ್ಥೆ ಗಡುವಿನ ಮಾತನ್ನೇ ಕೈಬಿಟ್ಟರು. ನನ್ನ ಚಪ್ಪಾಳೆ ನಿಲ್ಲಲೊಲ್ಲದು. ಮಗಳು ಕಣ್ಣಲ್ಲೇ ಗದರಿದಳು.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ. ನಿನ್ನ ಹೆಂಡತಿ ಮಕ್ಕಳೆಲ್ಲ ಸುಖವಾಗಿರಲಿ, ನೀನು ನೂರು ಕಾಲ ಬಾಳು.

ನಿನ್ನ
ಅಕ್ಕ

ತಾ.ಕ.: ಸಭೆಯಲ್ಲಿ ನನ್ನ ಪಕ್ಕದ ಕುರ್ಚಿಯ ಮೇಲೆ ಚೂಟಿ ತನ್ನ ಬ್ಯಾಗ್ ಇಟ್ಟಿದ್ದಳು. ಯಾರೋ ಕೂರಲು ಬಂದಾಗ, "ಅಲ್ಲಿ ನಮ್ಮ ಮಾವ ಬರ್ತಾರೆ" ಅಂದಳು. ಬರುವುದಿಲ್ಲವೆಂದು ನೀನು ಫೋನಿನಲ್ಲಿ ಹೇಳಿದ್ದನ್ನು ಅವಳಿಗೆ ತಿಳಿಸಲು ನನಗೆ ಬಾಯಿ ಬಂದಿರಲಿಲ್ಲ. ಎಲ್ಲರೂ ಎದ್ದು ಹೋದ ಮೇಲೂ ಅವಳು ಆ ಬ್ಯಾಗನ್ನು ಎತ್ತಿಕೊಳ್ಳಲಿಲ್ಲ ಕಣೋ.