ಕಾವಲುಗಾರರನ್ನೇ ಸಂಶಯಿಸಿದ ಡಾಕ್ಟರಿಗೆ

ಬ್ಯಾಡಗಿ
ಕ್ರಿ.ಶ. ೨೨೬೩, ಫೆಬ್ರವರಿ ೩೦

ಪೂಜ್ಯ ಡಾಕ್ಟರ್ ಇಂದುಮತಿ ಹಾವನೂರ ಅವರಿಗೆ,

ದಿನಾಂಕ ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಕ್ಯಾಲೆಂಡರನ್ನೇ ತಿದ್ದಿದ್ದಾರೆ, ಎಲ್ಲ ತಿಂಗಳಿಗೂ ಸಮಪಾಲು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತನ್ನು ನಾನು ಓದಿಯಷ್ಟೇ ಕಲಿತವಳು.

ಇಲ್ಲಿ ನಾವು ಬೆಳಿಗ್ಗೆ ಹಲ್ಲುಜ್ಜಿ ಒಂದು ‘ಒಳಗನ್ನಡಿ’ ನುಂಗುತ್ತೇವೆ. ಸಾಸಿವೆಯಷ್ಟು ಗುಳಿಗೆ. ಚಹಾ ಕುದಿಯುವಷ್ಟರಲ್ಲಿ ಜಠರದ ಜೀವಕೋಶಗಳನ್ನೆಲ್ಲ ವಿಚಾರಿಸಿಕೊಂಡು ಅಡುಗೆಮನೆಯ ಗೋಡೆಯ ಮೇಲೆ ವರದಿ ಬರೆಯುತ್ತದೆ. ನಮ್ಮತ್ತೆ ಅದನ್ನು ಓದದೆ ರೊಟ್ಟಿ ತಟ್ಟಲು ಕೂರುವುದಿಲ್ಲ. ರೋಗ ಯಾವುದೆಂದು ತಲೆ ಕೆಡಿಸಿಕೊಳ್ಳುವವರು ಯಾರೂ ಉಳಿದಿಲ್ಲ. ಅದಕ್ಕೇ ನಿಮ್ಮನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ನಿಮ್ಮ ಕಾಲದಲ್ಲಿ ಖಾರದಪುಡಿ ಗಿರಣಿಯ ನೀಲಗಂಗಮ್ಮ ರಕ್ತ ಕಾರಿಕೊಂಡಾಗ ಊರೆಲ್ಲ ಮೆಣಸಿನಕಾಯಿಯನ್ನೇ ಬೈದಿತು. ಡಾಕ್ಟರರೂ ಜಠರದ ಹುಣ್ಣೆಂದು ವರ್ಷವಿಡೀ ಗುಳಿಗೆ ಕೊಟ್ಟರು. “ನನ್ನ ಖಾರಕ್ಕ ಅಪವಾದ ಹೊರಸಬ್ಯಾಡ್ರಿ, ಇದು ಬ್ಯಾರೇನೋ ಐತಿ” ಎಂದ ಆಕೆಯ ಮಾತನ್ನು ಕಿವಿಗೆ ಹಾಕಿಕೊಂಡವರು ನೀವೊಬ್ಬರೇ. ಪರೀಕ್ಷೆಗೆಂದು ತೆಗೆದ ಹುಣ್ಣಿನ ತುಣುಕಿನಲ್ಲಿ ಪ್ಲಾಸ್ಮಾ ಕೋಶಗಳು ತುಂಬಿದ್ದವು. ರೋಗಾಣುಗಳನ್ನು ಎದುರಿಸುವ ಕಾವಲುಗಾರರು ಅವು, ಹುಣ್ಣಿದ್ದಲ್ಲಿ ಸೇರುವುದು ಸಹಜ ಎಂದು ಉಳಿದವರು ಸುಮ್ಮನಾಗಿದ್ದರು. ನೀವು ಇನ್ನೂ ಆಳದ ತುಣುಕು ತರಿಸಿ, ಬಣ್ಣ ಹಾಕಿ ನೋಡಿದಿರಿ. ನಿಜವಾದ ಕಾವಲುಗಾರರು ಬಗೆಬಗೆಯ ಪ್ರೋಟೀನು ತಯಾರಿಸುತ್ತಾರೆ. ಇವೆಲ್ಲ ಒಂದನ್ನೇ ತಯಾರಿಸುತ್ತಿದ್ದವು. ಒಂದೇ ಕೆಟ್ಟ ಕೋಶದ ಸಂತಾನ, ಅಂದರೆ ಗಡ್ಡೆ.

ಜಠರವನ್ನೇ ತೆಗೆದುಬಿಡೋಣ ಎಂದು ಸರ್ಜನ್ ಹೊರಟಾಗ ನೀವು ಅಡ್ಡ ನಿಂತಿರಿ. ಮೂಳೆಯ ಮಜ್ಜೆ, ರಕ್ತ, ಮೂತ್ರ, ಸ್ಕ್ಯಾನು ಎಲ್ಲ ಮಾಡಿಸಿ, ರೋಗ ಬೇರೆಲ್ಲೂ ಹಬ್ಬಿಲ್ಲವೆಂದು ಖಾತ್ರಿ ಮಾಡಿಕೊಂಡಿರಿ. ಇಂಥ ಗಡ್ಡೆ ವಿಕಿರಣಕ್ಕೆ ಕರಗುತ್ತದೆ, ಕತ್ತರಿ ಬೇಡ ಎಂದು ಪಟ್ಟು ಹಿಡಿದಿರಿ. ದೊಡ್ಡ ಡಾಕ್ಟರರೆಲ್ಲ ಮುಖ ಸಿಂಡರಿಸಿದರೂ ನೀವು ಜಗ್ಗಲಿಲ್ಲ. ನಿಮ್ಮ ಧೈರ್ಯಕ್ಕೆ ನಾನು ಇಲ್ಲಿಂದಲೇ ಕೈಮುಗಿಯುತ್ತೇನೆ.

ಈ ಕಾಗದ ನಿಮ್ಮ ಕೈ ಸೇರುವ ಇಂದು, ಚಿಕಿತ್ಸೆ ಮುಗಿದ ಮೇಲಿನ ತುಣುಕು ನಿಮ್ಮ ಸೂಕ್ಷ್ಮದರ್ಶಕದ ಕೆಳಗಿದೆ. ನಿಮ್ಮ ಪಟ್ಟು ತಪ್ಪಾಗಿದ್ದರೆ ಹೋಗುವುದು ಆಕೆಯ ಜೀವ. ಅದಕ್ಕೇ ನೀವು ಬಗ್ಗಿ ನೋಡದೆ ಕುಳಿತಿದ್ದೀರಿ. ಅದರಲ್ಲಿ ಏನಿದೆಯೆಂದು ನಾನು ಹೇಳುವಂತಿಲ್ಲ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ನಮ್ಮ ‘ಮರುಕಾಲದ ಅಂಚೆ’ ಅದಕ್ಕೆ ಒಪ್ಪುವುದಿಲ್ಲ. ನಾನು ಯಾರೆಂದು ಮಾತ್ರ ಹೇಳಬಹುದು. ನಾನು ನೀಲಗಂಗಮ್ಮನ ಒಬ್ಬಳೇ ಮಗಳ ವಂಶದವಳು.

ಆ ಮಗಳು ಇನ್ನೂ ಹುಟ್ಟಿಲ್ಲ. ಬಗ್ಗಿ ನೋಡಿ, ತಾಯಿ.

ನಿಮ್ಮ
ತಾರಾವತಿ